ಬಿಸಿನೀರಿನ ಪೈಪು ಕಲ್ಲುಗಟ್ಟುವ ಬಗೆ

ಕೆಲವು ವರ್ಷಗಳ ಹಿಂದಿನ ಒಂದು ಜನವರಿಯಲ್ಲಿ, ವಿಜಯಪುರದ ನಮ್ಮ ಮನೆಯ ಬಚ್ಚಲಲ್ಲಿ ತಣ್ಣೀರಿನ ನಳ ಎಂದಿನಂತೆ ಧಾರಾಳವಾಗಿ ಸುರಿಯುತ್ತಿತ್ತು. ಅದರ ಪಕ್ಕದ ಬಿಸಿನೀರಿನ ನಳದಿಂದ ಮಾತ್ರ ದಾರದ ಎಳೆಯಷ್ಟು ನೀರು ಇಳಿಯುತ್ತಿತ್ತು. ಟಾಕಿಯ ಎತ್ತರ ಸಾಲದು, ಪಂಪು ಹಾಕಿಸಿ ಎಂದು ಒಬ್ಬರು ಹೇಳಿದರು. ಪ್ರೆಷರ್ ಪಂಪು ತಂದು ಕೂರಿಸಿದೆವು. ತಣ್ಣೀರು ಇನ್ನಷ್ಟು ಜೋರಾಗಿ ಬಂತು, ಬಿಸಿನೀರು ಇದ್ದ ಹಾಗೆಯೇ ಇತ್ತು. ಕಡೆಗೆ ವಯಸ್ಸಾದ ಪ್ಲಂಬರ್ ಒಬ್ಬರು ಬಂದು, ಗೀಸರಿನ ಬಳಿಯ ಯೂನಿಯನ್, ಅಂದರೆ ಪೈಪನ್ನು ಬಿಚ್ಚಿ ಕೂಡಿಸಲು ಬರುವ ಜೋಡಣೆಯನ್ನು, ಬಿಚ್ಚಿ, ಒಂದು ಗೇಣು ಪೈಪನ್ನು ಕತ್ತರಿಸಿ ನನ್ನ ಕೈಗಿಟ್ಟು, “ನೀರ ಕಲ್ಲಾಗೇತ್ರಿ ಸರ, ಪಂಪ ಏನ್ ಮಾಡತೈತಿ?” ಎಂದರು. ಹೊರಗಿನಿಂದ ಅದು ಅರ್ಧ ಇಂಚಿನ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ, ಪೈಪು; ಒಳಗೆ ಪೆನ್ಸಿಲ್ ತೂರುವಷ್ಟೇ ಕಿಂಡಿ ಉಳಿದಿತ್ತು. ಕತ್ತರಿಸಿದ ಬಾಯಲ್ಲಿ ಉಳ್ಳಾಗಡ್ಡಿಯ ಪದರಗಳಂತೆ ಒಂದರೊಳಗೊಂದು ಉಂಗುರಗಳಿದ್ದವು: ಬಿಳಿ, ನಡುವೆ ತುಕ್ಕಿನ ಕೆಂಪು, ಮತ್ತೆ ಬಿಳಿ. ಆ ತುಂಡು ಈಗಲೂ ನನ್ನ ಮೇಜಿನ ಮೇಲಿದೆ.

ಚಳಿಗಾಲದಲ್ಲಿ ಪೈಪು ಕಟ್ಟಿಕೊಳ್ಳುವುದು ಲಡಾಖಿನಂಥ ಚಳಿನಾಡಿನ ಜನರಿಗೂ ಗೊತ್ತಿರುವ ಕಷ್ಟವೇ. ಅಲ್ಲಿ ಪೈಪಿನೊಳಗಿನ ನೀರು ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟುವಾಗ ಶೇಕಡಾ 9ರಷ್ಟು ಹಿಗ್ಗಿ ಪೈಪನ್ನೇ ಸೀಳುತ್ತದೆ. ನಿಧಾನವಾಗಿ ಬಿಸಿ ತಾಗಿಸಿದರೆ ಕರಗಿ ಹರಿಯುತ್ತದೆ. ನಮ್ಮ ವಿಜಯಪುರ, ಬಾಗಲಕೋಟೆಗಳಲ್ಲಿ ಪುಷ್ಯ ಮಾಸದ ಕೆಲವು ಮುಂಜಾನೆಗಳಲ್ಲಿ ಉಷ್ಣಾಂಶ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟೇ ಹೊರತು, ಪೈಪಿನಲ್ಲಿ ಮಂಜುಗಡ್ಡೆ ಕಟ್ಟುವ ಮಾತಿಲ್ಲ. ಇಲ್ಲಿ ಕಟ್ಟುವುದು ಸುಣ್ಣದ ಕಲ್ಲು. ಅದು ಮಂಜುಗಡ್ಡೆಗೆ ತೀರ ವಿರುದ್ಧವಾದ ಸ್ವಭಾವದ್ದು: ಬಿಸಿ ತಾಗಿಸಿದಷ್ಟೂ ಬೆಳೆಯುತ್ತದೆ. ಈ ಒಂದು ಸಂಗತಿಯನ್ನು ಸರಿಯಾಗಿ ಹಿಡಿದುಕೊಂಡರೆ ಕಲ್ಲು ಎಲ್ಲಿ ಕೂರುತ್ತದೆ, ಯಾವಾಗ ಕೂರುತ್ತದೆ, ಅದನ್ನು ತಡೆಯಲು ಏನು ಮಾಡಬೇಕು ಎಂಬುದೆಲ್ಲ ಹೆಚ್ಚುಕಡಿಮೆ ತಾನಾಗಿಯೇ ತಿಳಿಯುತ್ತದೆ.

ಈ ಸುಣ್ಣ ನೀರಿಗೆ ಬರುವುದು ನೆಲದಿಂದ. ಮಳೆಯ ನೀರು ಮಣ್ಣಿನೊಳಗೆ ಇಳಿಯುವಾಗ, ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಸೋಡಾ ಬಾಟಲಿಯಲ್ಲಿರುವುದೂ ಇದೇ ಹುಳಿ, ಪ್ರಮಾಣ ಮಾತ್ರ ಬೇರೆ. ಆ ಹುಳಿನೀರು ಸುಣ್ಣಕಲ್ಲನ್ನು ಮುಟ್ಟಿದಾಗ ಕಲ್ಲು ಕರಗಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಆಗಿ ನೀರಿನೊಂದಿಗೆ ಸಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ನೀರು ತಿಳಿಯಾಗಿಯೇ ಇರುತ್ತದೆ. ಬಾಗಲಕೋಟೆ ಜಿಲ್ಲೆಯ ಕಲಾದಗಿ ಶ್ರೇಣಿಯ ಬಂಡೆಗಳಲ್ಲಿ ಸಿಮೆಂಟ್ ಕಾರ್ಖಾನೆಗಳನ್ನು ನಡೆಸುವಷ್ಟು ಸುಣ್ಣಕಲ್ಲಿದೆ. ತಾಳಿಕೋಟೆಯ ಸುತ್ತಲೂ ಇದೆ. ವಿಜಯಪುರದ ಬಹುಭಾಗ ಕಪ್ಪು ಬಸಾಲ್ಟ್ ಬಂಡೆಯ ಮೇಲಿದ್ದರೂ ಅದು ಪಾರಾಗಿಲ್ಲ, ಏಕೆಂದರೆ ಬಸಾಲ್ಟ್ ಶಿಥಿಲವಾಗುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಬಿಟ್ಟುಕೊಡುತ್ತದೆ ಮತ್ತು ಅದರ ಮೇಲಿನ ಎರೆಮಣ್ಣಿನಲ್ಲಿ, ಹೊಲ ಉಳುವವರೆಲ್ಲ ಕಂಡಿರುವ, ಸುಣ್ಣದ ಬಿಳಿ ಹರಳುಗಳು ಬೆರೆತಿರುತ್ತವೆ. ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು, ಬಿಸಿಲು ವಿಪರೀತ. ತೊಳೆದುಹೋಗಬೇಕಾದ ಲವಣಗಳು ಅಲ್ಲಲ್ಲೇ ಉಳಿದು ಗಟ್ಟಿಯಾಗುತ್ತವೆ. ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆಯ ಜನರಿಗೆ ಈ ಲೇಖನ ಬೇಕಾಗಲಿಕ್ಕಿಲ್ಲ, ಅಲ್ಲಿ ಸಹ್ಯಾದ್ರಿಯ ಮಳೆ ಎಲ್ಲವನ್ನೂ ತೊಳೆದಿದೆ.

ಹೀಗೆ ಕರಗಿ ಬಂದ ಸುಣ್ಣವನ್ನು ನೀರಿನಲ್ಲಿ ಹಿಡಿದಿಟ್ಟಿರುವುದು ಆ ಇಂಗಾಲದ ಡೈಆಕ್ಸೈಡ್ ಮಾತ್ರ. ನೀರು ಕಾದಂತೆಲ್ಲ ಆ ಅನಿಲ ಹಾರಿಹೋಗುತ್ತದೆ. ಬೆಂಬಲ ತಪ್ಪಿದ ಸುಣ್ಣ ಮತ್ತೆ ಕಲ್ಲಾಗಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ, ಹತ್ತಿರದ ಅತಿ ಬಿಸಿಯಾದ ಮೈಗೆ ಅಂಟಿಕೊಳ್ಳುತ್ತದೆ. ಸಕ್ಕರೆ, ಉಪ್ಪುಗಳು ಬಿಸಿನೀರಿನಲ್ಲಿ ಹೆಚ್ಚು ಕರಗುವುದನ್ನು ನೋಡಿ ಅಭ್ಯಾಸವಾದ ನಮಗೆ ಇದು ತಲೆಕೆಳಗಾಗಿ ಕಾಣಬಹುದು, ಆದರೆ ಸುಣ್ಣದ ಮಟ್ಟಿಗೆ ತಣ್ಣೀರೇ ಉತ್ತಮ ದ್ರಾವಕ. ಹಂಡೆಯಲ್ಲಿ ನೀರು ಕಾಯಿಸುತ್ತಿದ್ದ ಕಾಲದಲ್ಲಿಯೂ ಇದೇ ನಡೆಯುತ್ತಿತ್ತು. ನಮ್ಮ ಅವ್ವ ಆಗಾಗ ಹಂಡೆಯನ್ನು ಬೋರಲು ಹಾಕಿ, ತಳದಲ್ಲಿ ಕೂತ ಬಿಳಿ ಹಕ್ಕಳೆಯನ್ನು ತಟ್ಟಿ ತೆಗೆಯುತ್ತಿದ್ದಳು. ಅದನ್ನು ಯಾರೂ ತೊಂದರೆ ಎಂದು ಕರೆಯಲಿಲ್ಲ. ಹಂಡೆಗೆ ಕೈ ಹಾಕುವಷ್ಟು ಬಾಯಿತ್ತು, ಗೀಸರಿಗೆ ಇಲ್ಲ ಎನ್ನುವುದಷ್ಟೇ ವ್ಯತ್ಯಾಸ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ನಾವು ಎಲ್ಲ ಕೆಟ್ಟ ನೀರಿಗೂ ಸವಳು ನೀರು ಎಂದುಬಿಡುತ್ತೇವೆ. ಸವಳು ಎಂದರೆ ಉಪ್ಪಿನಂಶ. ಡೋಣಿ ಹೊಳೆಯ ನೀರು ಸವಳು ಎಂದು ಹೇಳುವುದು ಈ ಅರ್ಥದಲ್ಲಿ. ಗಡಸು ಎಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಪೈಪನ್ನು ಕಲ್ಲಾಗಿಸುವುದು ಗಡಸುತನವೇ ಹೊರತು ಉಪ್ಪಲ್ಲ, ಮತ್ತು ಗಡಸುತನದಲ್ಲಿಯೂ ಬೈಕಾರ್ಬೊನೇಟ್ ರೂಪದಲ್ಲಿರುವ ಭಾಗವೇ ಕಾದಾಗ ಕೂರುವುದು; ಸಲ್ಫೇಟ್, ಕ್ಲೋರೈಡ್ ರೂಪದ ಬಹುಪಾಲು ಕುದಿಸಿದರೂ ನೀರಿನಲ್ಲಿಯೇ ಉಳಿಯುತ್ತದೆ. ಅಂಗಡಿಯವರು ನೀರಿನಲ್ಲಿ ಅದ್ದಿ ತೋರಿಸುವ ಟಿಡಿಎಸ್ ಮೀಟರು ವಿದ್ಯುತ್ ಹರಿಯುವಿಕೆಯಿಂದ ಒಟ್ಟು ಲವಣಗಳನ್ನು ಅಂದಾಜಿಸುತ್ತದೆ, ಗಡಸುತನವನ್ನಲ್ಲ. 900 ಎಂದು ಅಂಕಿ ತೋರಿಸಿ ಯಂತ್ರ ಮಾರುವವರ ಮಾತನ್ನು ಅಲ್ಲಿಗೇ ನಿಲ್ಲಿಸಬಹುದು. ಗಡಸುತನಕ್ಕೆಂದೇ ಹನಿ ಹಾಕಿ ಬಣ್ಣ ಬದಲಾಗುವುದನ್ನು ನೋಡುವ ಪರೀಕ್ಷಾ ಕಿಟ್‌ಗಳಿವೆ, ನೀರಿನ ಪ್ರಯೋಗಾಲಯಗಳೂ ಇದನ್ನು ಅಳೆದುಕೊಡುತ್ತವೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಗಡಸುತನ ಒಪ್ಪತಕ್ಕದ್ದು, ಬೇರೆ ನೀರಿನ ಮೂಲವಿಲ್ಲದಾಗ 600ರ ತನಕ ಸಹಿಸಬಹುದು. ಆದರೆ ಇದು ಕುಡಿಯುವವರನ್ನು ಕುರಿತು ಹಾಕಿದ ಗೆರೆ. 300 ಮಿಲಿಗ್ರಾಂ ಗಡಸುತನದ ನೀರು ಕುಡಿಯಲು ತಕರಾರಿಲ್ಲದಿದ್ದರೂ ಗೀಸರಿಗೆ ಸಾಕಷ್ಟು ಕೆಟ್ಟದ್ದೇ. ಪರೀಕ್ಷೆ ಮಾಡಿಸುವ ಮೊದಲೇ ಅಡುಗೆಮನೆ ಸುಳಿವು ಕೊಟ್ಟಿರುತ್ತದೆ. ಬೋರಿನ ನೀರಿನಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಕರಗುವುದಿಲ್ಲ, ಏಕೆಂದರೆ ನೀರಿನ ಕ್ಯಾಲ್ಸಿಯಂ ಬೇಳೆಯ ಕಣಗಳನ್ನು ಹಿಡಿದಿಟ್ಟ ಪೆಕ್ಟಿನ್ ಎಂಬ ಅಂಟನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಹೆಣ್ಣುಮಕ್ಕಳು ಬೇಳೆಗೆಂದು ನಳದ ನೀರನ್ನು ಬೇರೆ ಕೊಡದಲ್ಲಿ ಹಿಡಿದಿಡುವುದರ ಹಿಂದೆ ಈ ರಸಾಯನ ಶಾಸ್ತ್ರವಿದೆ.

ಗೀಸರಿನೊಳಗೆ ಎಷ್ಟು ಕಲ್ಲು ಬೀಳಬಹುದು ಎಂಬುದಕ್ಕೆ ಒಂದು ಸರಳ ಲೆಕ್ಕ ಹಾಕೋಣ. ಲೀಟರಿಗೆ 400 ಮಿಲಿಗ್ರಾಂ ಗಡಸುತನದ ನೀರನ್ನು ದಿನಕ್ಕೆ 100 ಲೀಟರ್ ಕಾಯಿಸಿದರೆ, ಅದರಲ್ಲಿ 40 ಗ್ರಾಂ ಸುಣ್ಣ ಹಾದುಹೋಗುತ್ತದೆ. ಹತ್ತರಲ್ಲಿ ಒಂದು ಪಾಲು ಮಾತ್ರ ಒಳಗೆ ಉಳಿಯಿತು ಎಂದುಕೊಂಡರೂ ದಿನಕ್ಕೆ 4 ಗ್ರಾಂ, ವರ್ಷಕ್ಕೆ ಸುಮಾರು ಒಂದೂವರೆ ಕಿಲೋ ಆಯಿತು. ಎಷ್ಟು ಪಾಲು ಉಳಿಯುತ್ತದೆ ಎಂಬುದನ್ನು ನಿರ್ಧರಿಸುವುದು ಬಹುಮಟ್ಟಿಗೆ ಉಷ್ಣಾಂಶ: 60 ಡಿಗ್ರಿ ದಾಟಿದ ಮೇಲೆ ಸುಣ್ಣ ಕೂರುವ ವೇಗ ಎದ್ದುಕಾಣುವಂತೆ ಹೆಚ್ಚುತ್ತದೆ. ಚಳಿ ಬಂತೆಂದು ನಾವು ಮಾಡುವ ಮೊದಲ ಕೆಲಸವೇ ಗೀಸರಿನ ಗುಂಡಿಯನ್ನು ಕೊನೆಯ ತನಕ ತಿರುಗಿಸುವುದು. 75 ಡಿಗ್ರಿಗೆ ಕಾಯಿಸಿ, ಮೈಗೆ ತಾಳದೆಂದು ತಣ್ಣೀರು ಬೆರೆಸಿ ಸ್ನಾನ ಮಾಡುತ್ತೇವೆ. ಕಲ್ಲಿನ ಪದರ ನೀರು ಕಾಯಿಸುವ ಕಾಯಿಲನ್ನು ಮುಚ್ಚಿದ ಮೇಲೆ ಅದರ ಶಾಖ ನೀರಿಗೆ ಸುಲಭವಾಗಿ ದಾಟುವುದಿಲ್ಲ, ಏಕೆಂದರೆ ಸುಣ್ಣಕಲ್ಲು ಲೋಹಕ್ಕಿಂತ ಎಷ್ಟೋ ಪಟ್ಟು ಮಂದವಾದ ಉಷ್ಣವಾಹಕ. ಕಾಯಿಲು ಒಳಗೊಳಗೇ ಕಾದು, ಕಲ್ಲಿನ ಬಿರುಕುಗಳಲ್ಲಿ ಸಿಕ್ಕ ನೀರು ಹಬೆಯಾಗಿ ಸಿಡಿಯುತ್ತದೆ. ಗೀಸರಿನಿಂದ ಜೋಳದ ಅರಳು ಹುರಿದ ಹಾಗೆ ಚಟಚಟ ಸದ್ದು ಬಂದರೆ ಅದು ಇದೇ. ಹಾಗೆ ಸದ್ದು ಮಾಡುತ್ತ ಒಂದೆರಡು ಚಳಿಗಾಲ ಕಳೆದ ಕಾಯಿಲು ಒಂದು ದಿನ ಸುಟ್ಟುಹೋಗುತ್ತದೆ.

ಇನ್ನು ಪೈಪಿನ ವಿಷಯ. ಪೈಪಿನ ಸುತ್ತಳತೆಯೊಳಗೆ ತುಸುವೇ ಕಲ್ಲು ಕೂತರೂ ನೀರು ಇಷ್ಟೊಂದು ಕಡಿಮೆಯಾಗುವುದು ಏಕೆ ಎಂದು ಕೇಳುವವರಿದ್ದಾರೆ. ಒತ್ತಡ ಅಷ್ಟೇ ಇರುವಾಗ ಉದ್ದನೆಯ ಪೈಪಿನಲ್ಲಿ ಹರಿಯುವ ನೀರು ಒಳವ್ಯಾಸದ ಸುಮಾರು ಎರಡೂವರೆ ಘಾತಕ್ಕೆ ಅನುಗುಣವಾಗಿರುತ್ತದೆ. 15 ಮಿಲಿಮೀಟರ್ ಒಳವ್ಯಾಸದ ಪೈಪಿನಲ್ಲಿ ಸುತ್ತಲೂ 2 ಮಿಲಿಮೀಟರ್ ಕಲ್ಲು ಕೂತು 11 ಉಳಿದರೆ ಹರಿವು ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಪೆನ್ಸಿಲಿನ ಗಾತ್ರದ 7 ಮಿಲಿಮೀಟರ್ ಮಾತ್ರ ಉಳಿದರೆ ಸುಮಾರು ಏಳರಲ್ಲಿ ಒಂದು ಪಾಲಾಗುತ್ತದೆ. ಒತ್ತಡ ಹೆಚ್ಚಿಸಿ ಇದನ್ನು ಗೆಲ್ಲುವುದಕ್ಕೂ ಆಗುವುದಿಲ್ಲ. ಹರಿವನ್ನು ದುಪ್ಪಟ್ಟು ಮಾಡಲು ನಾಲ್ಕು ಪಟ್ಟು ಒತ್ತಡ ಬೇಕು. ಏಳರಲ್ಲಿ ಒಂದಾದ ಹರಿವನ್ನು ಮೊದಲಿನಂತೆ ಮಾಡಲು ಸುಮಾರು 45 ಪಟ್ಟು ಬೇಕು. ಮಾಳಿಗೆಯ ಮೇಲಿನ ಟಾಕಿ ನಳಕ್ಕಿಂತ 10 ಅಡಿ ಎತ್ತರದಲ್ಲಿದ್ದರೆ ಸಿಗುವ ಒತ್ತಡ ಚದರ ಸೆಂಟಿಮೀಟರಿಗೆ 0.3 ಕಿಲೋ ಮಾತ್ರ. ಮನೆಬಳಕೆಯ ಯಾವ ಪಂಪೂ ಅದನ್ನು 45 ಪಟ್ಟು ಮಾಡುವುದಿಲ್ಲ. ಮಾಡಿದ್ದರೆ ಮೊದಲು ಒಡೆಯುತ್ತಿದ್ದುದು ಗೀಸರು. ನಮ್ಮ ಪಂಪಿನ ದುಡ್ಡು ಎಲ್ಲಿ ಹೋಯಿತೆಂದು ನನಗೆ ತಿಳಿದದ್ದು ಈ ಲೆಕ್ಕ ಹಾಕಿದ ಮೇಲೆ.

ಆದ್ದರಿಂದ ಖರ್ಚಿಗೆ ಮೊದಲು ಪತ್ತೆ ಮುಖ್ಯ. ನೀರು ನಿನ್ನೆ ಚೆನ್ನಾಗಿದ್ದು ಇಂದು ನಿಂತಿದ್ದರೆ, ಅದರಲ್ಲೂ ಟಾಕಿ ಒಮ್ಮೆ ಪೂರ್ತಿ ಖಾಲಿಯಾಗಿ ತುಂಬಿದ ಮೇಲೆ ನಿಂತಿದ್ದರೆ, ಅದು ಕಲ್ಲಲ್ಲ. ಪೈಪಿನ ಏರುತಗ್ಗಿನಲ್ಲಿ ಗಾಳಿ ಹಿಡಿದಿದೆ. ಬಿಸಿ-ತಣ್ಣೀರು ಎರಡೂ ಕೂಡುವ ಮಿಕ್ಸರ್ ನಳವಿದ್ದಲ್ಲಿ, ಗೀಸರಿನ ಸ್ವಿಚ್ಚು ಆರಿಸಿ, ಎರಡೂ ಕಡೆ ತೆರೆದು, ನಳದ ಬಾಯನ್ನು ಅಂಗೈಯಿಂದ ಒತ್ತಿ ಹಿಡಿದರೆ ತಣ್ಣೀರು ಹಿಂದಕ್ಕೆ ನುಗ್ಗಿ ಗಾಳಿಯನ್ನು ಹೊರದೂಡುವುದುಂಟು. ಖರ್ಚು ಏನೂ ಇಲ್ಲ. ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಕಡಿಮೆಯಾಗಿದ್ದರೆ ಮಾತ್ರ ಕಲ್ಲಿನ ಅನುಮಾನ ಪಡಬೇಕು. ಒಂದೇ ನಳದಲ್ಲಿ ಬಿಸಿ, ತಣ್ಣೀರು ಎರಡೂ ಕಡಿಮೆಯಾಗಿದ್ದರೆ ಆ ನಳದ ತುದಿಯ ಜಾಲರಿಯನ್ನು ತಿರುಗಿಸಿ ಬಿಚ್ಚಿ ನೋಡಿ. ಅರ್ಧದಷ್ಟು ದೂರುಗಳು ಅಲ್ಲಿಗೇ ಮುಗಿಯುತ್ತವೆ ಎಂದು ನನ್ನ ಅನುಭವ. ಎಲ್ಲ ನಳಗಳಲ್ಲಿ ಬಿಸಿನೀರು ಮಾತ್ರ ಕಡಿಮೆಯಿದ್ದರೆ ತೊಂದರೆ ಗೀಸರಿನಲ್ಲಿ ಅಥವಾ ಅದರಿಂದ ಹೊರಡುವ ಮೊದಲ ಒಂದೆರಡು ಅಡಿ ಪೈಪಿನಲ್ಲಿದೆ. ನೀರು ಅತಿ ಬಿಸಿಯಾಗಿರುವುದು ಅಲ್ಲಿ, ಹೆಚ್ಚಿನ ಕಲ್ಲೂ ಅಲ್ಲಿಯೇ. ಗೋಡೆಯ ಉದ್ದಕ್ಕೂ ಟೈಲ್ಸ್ ಒಡೆಯಬೇಕು ಎಂದು ಯಾರಾದರೂ ಹೇಳಿದರೆ, ಮೊದಲು ಆ ಎರಡು ಅಡಿ ಬಿಚ್ಚಿ ತೋರಿಸಿ ಎನ್ನಿ.

ಕೂತ ಕಲ್ಲನ್ನು ತೆಗೆಯುವ ಮದ್ದು ಹುಳಿ. ಷವರಿನ ತಲೆ, ನಳದ ಜಾಲರಿಗಳನ್ನು ರಾತ್ರಿಯಿಡೀ ವಿನೆಗರಿನಲ್ಲಿ ನೆನೆಹಾಕಿದರೆ ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಎದ್ದುಬರುತ್ತವೆ. ಗೀಸರಿಗೆ ಮಾತ್ರ ವಿನೆಗರ್ ಸಾಲದು: ಶೇಕಡಾ 5ರ ವಿನೆಗರಿನಲ್ಲಿ ಒಂದು ಗ್ರಾಂ ಸುಣ್ಣವನ್ನು ಕರಗಿಸಲು 24 ಮಿಲಿಲೀಟರ್ ಬೇಕು, ಅಂದರೆ ಒಂದು ಕಿಲೋ ಕಲ್ಲಿಗೆ 24 ಲೀಟರ್. ಅದಕ್ಕೆ ಸಿಟ್ರಿಕ್ ಆಸಿಡ್ ಪುಡಿ, ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವುದು, ಲೇಸು. ಗೀಸರಿನ ಸ್ವಿಚ್ಚನ್ನಷ್ಟೇ ಅಲ್ಲ, ವಿದ್ಯುತ್ ಕಡಿಯುವ ಎಂಸಿಬಿಯನ್ನೂ ಇಳಿಸಿ, ನೀರು ಬರುವ ವಾಲ್ವ್ ಮುಚ್ಚಿ, ಖಾಲಿ ಮಾಡಿದ ಮೇಲೆ ತಿಳಿದ ಮೆಕ್ಯಾನಿಕ್ ಕಾಯಿಲನ್ನು ಕೂರಿಸಿದ ಮುಚ್ಚಳವನ್ನು (ಫ್ಲ್ಯಾಂಜ್) ಬಿಚ್ಚುತ್ತಾನೆ. ಬಿಡಿಯಾಗಿ ಬಿದ್ದ ಕಲ್ಲನ್ನು ಮೊದಲು ಕೈಯಿಂದಲೇ ತೆಗೆಯಬೇಕು, ಅದಕ್ಕೂ ಹುಳಿ ಖರ್ಚು ಮಾಡುವುದು ದಂಡ. ಸ್ಕ್ರೂಡ್ರೈವರಿನಿಂದ ಒಳಗೋಡೆಯನ್ನು ಕೆರೆಯಲು ಬಿಡಬಾರದು, ಗಾಜಿನ ಲೇಪ ಒಡೆದರೆ ಅಲ್ಲಿಂದಲೇ ತುಕ್ಕು. ಆಮೇಲೆ ಲೀಟರಿಗೆ 50 ಗ್ರಾಂನಂತೆ ಕದಡಿದ, ಬೆಚ್ಚಗಿನ ದ್ರಾವಣ ತುಂಬಿಸಿ ಒಂದೆರಡು ಗಂಟೆ ಬಿಡಬೇಕು. ಕುದಿಯುವ ಬಿಸಿ ಬೇಡ. ಅತಿ ಬಿಸಿಯಲ್ಲಿ ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಬೇರೊಂದು ಬಿಳಿ ಕೆಸರು ಕೂರುತ್ತದೆ. ಬುರುಗು ನಿಂತರೂ ಕಲ್ಲು ಉಳಿದಿದ್ದರೆ ಹುಳಿ ತೀರಿದೆ ಎಂದರ್ಥ, ಚೆಲ್ಲಿ ಹೊಸದು ಹಾಕಬೇಕು.

ಬಚ್ಚಲು ತೊಳೆಯುವ ಆಸಿಡ್ ಇನ್ನೂ ಬೇಗ ಕರಗಿಸುತ್ತದಲ್ಲ ಎಂಬ ಉಪಾಯ ಎಲ್ಲರಿಗೂ ಹೊಳೆಯುತ್ತದೆ. ಕರಗಿಸುತ್ತದೆ, ಜೊತೆಗೆ ಹಿತ್ತಾಳೆಯ ನಳದ ಮೇಲಿನ ಹೊಳಪನ್ನೂ, ಜಿಐ ಪೈಪಿನ ಸತುವಿನ ಲೇಪವನ್ನೂ ತಿನ್ನುತ್ತದೆ, ಸ್ಟೇನ್‌ಲೆಸ್ ಸ್ಟೀಲಿನ ಟಾಕಿಯಲ್ಲಿ ತೂತು ಬೀಳಿಸುತ್ತದೆ. ಬ್ಲೀಚಿಂಗ್ ಪೌಡರಿನೊಂದಿಗೆ ಬೆರೆತರೆ ಮುಚ್ಚಿದ ಬಚ್ಚಲಲ್ಲಿ ಪ್ರಾಣಕ್ಕೆ ಅಪಾಯ ತರುವ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಹಳೆಯ ಜಿಐ ಪೈಪಿಗೆ ಯಾವ ಹುಳಿಯನ್ನೂ ಹಾಕದೆ, ಬಿಸಿನೀರಿಗೆಂದೇ ಇರುವ ಸಿಪಿವಿಸಿ ಪ್ಲಾಸ್ಟಿಕ್ ಪೈಪಿಗೆ ಬದಲಿಸುವುದು ಲೇಸು. ಅದರ ನುಣುಪು ಮೈಗೆ ಕಲ್ಲು ಅಂಟುವುದು ನಿಧಾನ, ತುಕ್ಕಂತೂ ಇಲ್ಲ.

ಗೀಸರ್ ಬಿಚ್ಚಿದಾಗಲೇ ಇನ್ನೆರಡನ್ನು ನೋಡಿಸಬೇಕು. ಒಂದು ಮೆಗ್ನೀಸಿಯಂ ಕೋಲು, ತಾನು ಸವೆದು ಟಾಕಿಯನ್ನು ತುಕ್ಕಿನಿಂದ ಕಾಯುವಂಥದು. ಲವಣ ಹೆಚ್ಚಿದ ನಮ್ಮ ನೀರಿನಲ್ಲಿ ಬೇಗ ಮುಗಿಯುತ್ತದೆ. ಇನ್ನೊಂದು ಸೇಫ್ಟಿ ವಾಲ್ವ್, ಮತ್ತು ಇದರಲ್ಲಿ ಉದಾಸೀನ ಸಲ್ಲದು. ಥರ್ಮೋಸ್ಟ್ಯಾಟ್ ಕೆಟ್ಟು ನೀರು ಮಿತಿಮೀರಿ ಕಾದಾಗ ಒತ್ತಡವನ್ನು ಹೊರಬಿಡಬೇಕಾದ ಈ ವಾಲ್ವಿನ ಬಾಯಿಗೇ ಕಲ್ಲು ಕೂತಿದ್ದರೆ ಗೀಸರು ಬಾಂಬಿಗೆ ಸಮಾನ. ವಾಲ್ವಿನಿಂದ ಹನಿ ಸೋರುತ್ತದೆಂದು ಅದಕ್ಕೆ ಬಿರಡೆ ಜಡಿದವರನ್ನೂ ನೋಡಿದ್ದೇನೆ. ಹನಿ ಸೋರುವುದು ಅದರ ಕೆಲಸ.

ಸೋಲಾರ್ ಇದ್ದವರ ಲೆಕ್ಕ ಸ್ವಲ್ಪ ಬೇರೆ. ಚಪ್ಪಟೆ ಫಲಕದ ಸೋಲಾರಿನಲ್ಲಿ ನೀರು ಸಣ್ಣ ತಾಮ್ರದ ನಳಿಕೆಗಳಲ್ಲಿ ಏರುತ್ತದೆ. ಗಡಸು ನೀರಿನಲ್ಲಿ ಅವು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಗಾಜಿನ ಕೊಳವೆಯ ಸೋಲಾರಿನಲ್ಲಿ ಸಾಮಾನ್ಯವಾಗಿ ಬಳಸುವ 58 ಮಿಲಿಮೀಟರ್ ಕೊಳವೆಗೆ ಒಳಗೆ ಸುಮಾರು 44 ಮಿಲಿಮೀಟರ್ ಜಾಗವಿರುವುದರಿಂದ ಪೂರ್ತಿ ಮುಚ್ಚುವುದು ಅಪರೂಪ, ತಳದಲ್ಲಿ ಸುಣ್ಣದ ಕೆಸರು ತುಂಬಿ ಬಿಸಿ ಕಡಿಮೆಯಾಗುತ್ತದೆ. ಬೋರಿನ ನೀರಿಗೆ ಎರಡನೆಯದೇ ವಾಸಿ. ಆದರೆ ಹೆಚ್ಚಿನವರು ಗಮನಿಸದ ಮಾತೊಂದಿದೆ. ಸೋಲಾರಿನ ಕಲ್ಲು ಬೆಳೆಯುವುದು ಚಳಿಗಾಲದಲ್ಲಲ್ಲ. ಏಪ್ರಿಲ್–ಮೇ ತಿಂಗಳಲ್ಲಿ, ಬಿಸಿನೀರನ್ನು ಯಾರೂ ಮುಟ್ಟದೆ ಟಾಕಿ ದಿನವಿಡೀ ಕುದಿಯುವಷ್ಟು ಕಾದು ನಿಂತಾಗ. ಡಿಸೆಂಬರಿನಲ್ಲಿ ನಮಗೆ ಕಾಣಿಸುವುದು ಬೇಸಿಗೆಯ ಸಾಲ. ಅದಕ್ಕೇ ಯುಗಾದಿ ಮುಗಿಯುತ್ತಿದ್ದಂತೆ ಅರ್ಧಕ್ಕಿಂತ ಹೆಚ್ಚು ಕೊಳವೆಗಳಿಗೆ ಗೋಣಿತಟ್ಟು ಹೊದಿಸುವುದು ಒಳ್ಳೆಯ ಪದ್ಧತಿ. ಕೊಳವೆಗಳನ್ನು ತೊಳೆಯುವುದಿದ್ದರೆ ಬೆಳಕು ಹರಿಯುವ ಮುನ್ನವೇ ತೊಳೆಯಬೇಕು; ಬಿಸಿಲಿಗೆ ಕಾದ ಖಾಲಿ ಗಾಜಿಗೆ ತಣ್ಣೀರು ಬಿದ್ದರೆ ಬಿರಿಯುತ್ತದೆ.

ಕಲ್ಲು ಕೂರದಂತೆ ತಡೆಯುವ ಅಗ್ಗದ ದಾರಿ ಗೀಸರಿನ ಗುಂಡಿಯನ್ನು 55 ಡಿಗ್ರಿಯ ಹತ್ತಿರ ಇಡುವುದು. ಸ್ನಾನಕ್ಕೆ ಅಷ್ಟು ಧಾರಾಳ ಸಾಕು, ವಿದ್ಯುತ್ತೂ ಉಳಿಯುತ್ತದೆ. ಎರಡನೆಯದು ನೀರಿನ ಆಯ್ಕೆ. ಕೊಲ್ಹಾರದಿಂದ ಬರುವ ಕೃಷ್ಣೆಯ ನೀರಾಗಲಿ, ಭೂತನಾಳ ಕೆರೆಯ ನೀರಾಗಲಿ ಸಾಮಾನ್ಯವಾಗಿ ಬೋರಿನ ನೀರಿಗಿಂತ ಮೃದು. ಅದನ್ನು ಬೋರಿನ ನೀರಿನೊಂದಿಗೆ ಒಂದೇ ಟಾಕಿಯಲ್ಲಿ ಬೆರೆಸಿಬಿಡುವ ಬದಲು ಸಣ್ಣದೊಂದು ಟಾಕಿ ಬೇರೆ ಇಟ್ಟು, ಗೀಸರಿಗೂ ಅಡುಗೆಮನೆಗೂ ಅದರಿಂದಲೇ ಪೈಪು ಕೊಟ್ಟರೆ ಅರ್ಧ ತೊಂದರೆ ಕಳೆಯುತ್ತದೆ. ಸಾಫ್ಟ್‌ನರ್ ಯಂತ್ರ ನಿಜವಾಗಿ ಕೆಲಸ ಮಾಡುತ್ತದೆ: ಅದರೊಳಗಿನ ರಾಳದ ಮಣಿಗಳು ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ, ಮಣಿಗಳು ದಣಿದಾಗ ಉಪ್ಪುನೀರು ಹಾಯಿಸಿ ಮತ್ತೆ ಸಜ್ಜುಗೊಳಿಸಬೇಕು. ಉಪ್ಪು ಹಾಕುವ ಶಿಸ್ತು ಇಲ್ಲದ ಮನೆಯಲ್ಲಿ ಅದು ಖಾಲಿ ಡಬ್ಬಿ. ಸೋಡಿಯಂ ಹೆಚ್ಚುವುದರಿಂದ ರಕ್ತದೊತ್ತಡವಿರುವವರು ಆ ನೀರನ್ನು ಕುಡಿಯಬಾರದು, ಗಿಡಗಳಿಗೂ ಹಾಕಬಾರದು. ಪೈಪಿನ ಹೊರಗೆ ಕಟ್ಟುವ ಅಯಸ್ಕಾಂತಗಳ ಬಗ್ಗೆ ನಡೆದ ಪರೀಕ್ಷೆಗಳು ಒಂದು ಮಾತಿಗೆ ಬಂದಿಲ್ಲ. ನಾನಂತೂ ಅದಕ್ಕೆ ದುಡ್ಡು ಹಾಕಲಾರೆ.

ಪೈಪು ಹಾಕುವ ಕ್ರಮದಲ್ಲಿ ನಮ್ಮೂರಿನ ಹಳಬರಿಂದ ಕಲಿಯುವುದಿದೆ. ಆದಿಲಶಾಹಿಗಳ ಕಾಲದಲ್ಲಿ ತೊರವಿಯಿಂದಲೂ, 1651ರ ಬೇಗಂ ತಲಾಬಿನಿಂದಲೂ ಊರಿಗೆ ನೆಲದಡಿಯಲ್ಲಿ ನೀರು ತಂದವರು, ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳನ್ನು ಕಟ್ಟಿದರು. ನೀರು ಗೋಪುರದೊಳಗೆ ಏರಿ ಇಳಿಯುವಾಗ ಒತ್ತಡ ತಗ್ಗುತ್ತಿತ್ತು, ಅದು ಹೊತ್ತು ತಂದ ಹೂಳು ಅಲ್ಲೇ ಕೂರುತ್ತಿತ್ತು. ಈಗಿನ ಮನೆಗಳಲ್ಲಿ ಪೈಪನ್ನು ಗೋಡೆಯೊಳಗೆ ಹುಗಿದು, ಮೇಲೆ ಟೈಲ್ಸ್ ಹಚ್ಚಿ, ಒಂದು ಕಡೆಯೂ ಬಿಚ್ಚಲು ಬಾರದಂತೆ ಮಾಡಿಬಿಡುತ್ತಾರೆ. ಹೊಸ ಮನೆ ಕಟ್ಟುವವರು ಗೀಸರಿಗೆ ಒಳಬರುವ, ಹೊರಹೋಗುವ ಎರಡೂ ಬಾಯಿಗಳಲ್ಲಿ ಯೂನಿಯನ್, ಎರಡೂ ಕಡೆ ವಾಲ್ವ್, ಬಿಸಿನೀರಿನ ಪೈಪು ತಿರುಗುವಲ್ಲಿ ಎಲ್ಬೋ ಎಂಬ ಬಾಗಿದ ತುಂಡಿನ ಬದಲು ಬಿರಡೆ ಹಾಕಿದ ಟೀ ಎಂಬ ಮೂರು ಬಾಯಿಯ ತುಂಡು, ಇಷ್ಟನ್ನು ಗೋಡೆಯ ಹೊರಗೇ ಕೇಳಿ ಹಾಕಿಸಿಕೊಳ್ಳಬೇಕು. ಬಿರಡೆ ಬಿಚ್ಚಿ ಕಲ್ಲು ತೆಗೆಯುವುದು ಒಂದು ಗಂಟೆಯ ಕೆಲಸ, ಗೋಡೆ ಒಡೆಯುವುದು ಒಂದು ವಾರದ್ದು.

ನಮ್ಮ ಮನೆಯಲ್ಲಿ ಪೈಪು ಬದಲಿಸಿದ ದಿನ ಆ ಪ್ಲಂಬರ್ 10 ಲೀಟರಿನ ಬಕೆಟ್ಟನ್ನು ಬಿಸಿನೀರಿನ ನಳದಡಿ ಇಟ್ಟು, ತನ್ನ ಮೊಬೈಲಿನಲ್ಲಿ ಹೊತ್ತು ನೋಡಿ, ಬಚ್ಚಲ ಬಾಗಿಲ ಹಿಂದೆ ಪೆನ್ಸಿಲಿನಿಂದ ‘1 ಮಿನಿಟ 20’ ಎಂದು ಬರೆದು ಹೋದ. ದೀಪಾವಳಿ ಕಳೆದ ಮೇಲೆ ಪ್ರತಿವರ್ಷ ಅದೇ ಬಕೆಟ್ ಇಟ್ಟು ಅಳೆಯುತ್ತೇನೆ. ಎರಡು ನಿಮಿಷ ದಾಟಿದ ವರ್ಷ ನಿಂಬೆ ಉಪ್ಪು ತರಿಸುತ್ತೇನೆ. ಕಳೆದ ಸಲ 1 ನಿಮಿಷ 45 ಸೆಕೆಂಡ್ ಇತ್ತು.